ಎಕರೆಯ ಬಾಡಿಗೆ, ಕುಕ್ಕರಿನ ಕೋಳಿ ಶಾವಿಗೆ

ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪಾವಗಡ ತಾಲ್ಲೂಕಿನ ನಮ್ಮ ಕಡೆ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರ ಬಾಯಲ್ಲಿ ಮೊದಲು ಓಡಾಡಿದ ದರ ಇದು. ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಪಾರ್ಕು ನಿಂತಿದೆ. ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚ್‌ನಲ್ಲಿ. ಪಹಣಿ ನಮ್ಮ ಹೆಸರಲ್ಲೇ ಉಳಿದಿದೆ, ಗುತ್ತಿಗೆ 28 ವರ್ಷ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತ ಕೂತಿದ್ದ ನಮ್ಮಂಥವರಿಗೆ ಮಳೆ ಕೈಕೊಟ್ಟ ವರ್ಷವೂ ದುಡ್ಡು ಬರುತ್ತದೆಂಬುದು ಸಣ್ಣ ನೆಮ್ಮದಿಯಲ್ಲ.

ಆದರೂ ಲೆಕ್ಕ ಹಾಕಿ ನೋಡಬೇಕು. ಎರಡು ವರ್ಷಕ್ಕೆ ಶೇ 5 ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ಎರಡೂವರೆ. ಬೆಲೆ ಏರಿಕೆ ಶೇ 4ರ ಹತ್ತಿರ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಗುರಿ. ಆ ಗುರಿ ತಪ್ಪದಿದ್ದರೂ 28 ವರ್ಷ ಕಳೆಯುವಷ್ಟರಲ್ಲಿ ಸಾಮಾನಿನ ಬೆಲೆ ಮೂರರಷ್ಟಾಗುತ್ತದೆ. ಬಾಡಿಗೆ ಎರಡರಷ್ಟೂ ಆಗುವುದಿಲ್ಲ. ಜೊತೆಗೆ, ಹೊಲವಿದ್ದಾಗ ಕಡಲೆಕಾಯಿ ಸಾಲಿನ ನಡುವೆ ಅಕ್ಕಡಿಯಲ್ಲಿ ತೊಗರಿ, ಅಲಸಂದೆ, ಅವರೆ ಬರುತ್ತಿದ್ದವು. ಮನೆ ಸುತ್ತ ನಾಟಿ ಕೋಳಿ ಓಡಾಡುತ್ತಿದ್ದವು. "ಯಾವತ್ತಾದ್ರೂ ಬೇಳೆಗೆ ದುಡ್ಡು ಕೊಟ್ಟಿದ್ವೇನಮ್ಮ?" ಎಂದು ನಮ್ಮತ್ತೆ ಕೇಳುವಾಗ ನನ್ನ ಹತ್ತಿರ ಉತ್ತರವಿರುವುದಿಲ್ಲ. ಎಕರೆಯ ಬಾಡಿಗೆ ಓದುವಾಗ ಆ ಎಕರೆ ಉಣ್ಣಿಸುತ್ತಿದ್ದುದನ್ನು ಅದರಲ್ಲಿ ಕಳೆದೇ ಓದಬೇಕು.

ಹೀಗಾಗಿ ನಮ್ಮ ಮನೆಯ ಹಣಕಾಸು ನಿಂತಿರುವುದು ರಾತ್ರಿ ಊಟದ ಮೇಲೆ. ನಾನು ಕೆಲಸ ಮುಗಿಸಿ ಬಸ್ಸಿಳಿಯುವಾಗ ಏಳು ಗಂಟೆ ದಾಟಿರುತ್ತದೆ. ಯಜಮಾನರದು ಪಾಳಿ ಕೆಲಸ. ಮಕ್ಕಳಿಗೆ ಚಿಕನ್ ನೂಡಲ್ಸ್ ಆಸೆ. ಸುಸ್ತಾದ ಹೊತ್ತಿನಲ್ಲಿ ಪಾವಗಡದ ತಳ್ಳುಗಾಡಿಯಿಂದ ಪಾರ್ಸೆಲ್ ತರಿಸಿಬಿಡೋಣ ಅನ್ನಿಸುವುದು ಸಹಜ, ಅದಕ್ಕೆ ಯಾರನ್ನೂ ದೂರಲಾರೆ. ಆ ಸುಸ್ತಿಗೆ ಸಾಟಿಯಾಗಿ ಅಷ್ಟೇ ಸಲೀಸಾದ ಅಡುಗೆಯೊಂದು ಮನೆಯಲ್ಲಿ ಇರಬೇಕು, ಅಷ್ಟೆ.

ನಮ್ಮದು ಕುಕ್ಕರಿನ ಕೋಳಿ ಶಾವಿಗೆ. ಐದು ಲೀಟರಿನ ಕುಕ್ಕರಿಗೆ ಕಡಲೆಕಾಯಿ ಎಣ್ಣೆ, ಚಕ್ಕೆ, ಲವಂಗ, ಉದ್ದಕ್ಕೆ ಹೆಚ್ಚಿದ ಎರಡು ಈರುಳ್ಳಿ. ಈರುಳ್ಳಿ ಕೆಂಪಾದಾಗ ಜಜ್ಜಿದ ಶುಂಠಿ ಬೆಳ್ಳುಳ್ಳಿ, ಎರಡು ಟೊಮ್ಯಾಟೊ, ಅರಿಶಿನ, ಖಾರದಪುಡಿ, ಧನಿಯಾ ಪುಡಿ. ಅರ್ಧ ಕೆಜಿ ಬಾಯ್ಲರ್ ಕೋಳಿ ಸಾಕು, ಮೂಳೆ ಸಮೇತ ಸಣ್ಣ ತುಂಡು ಮಾಡಿಸಿ. ಸಾರಿಗೆ ರುಚಿ ಬರುವುದೇ ಮೂಳೆಯಿಂದ. ಉಪ್ಪು ಹಾಕಿ ಬಾಡಿಸಿ, ಆರು ಲೋಟ ನೀರು ಹೊಯ್ದು ಎರಡು ಕೂಗು ಕೂಗಿಸಿ. ಆವಿ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು, ಮತ್ತೆ ಉರಿ ಹಚ್ಚಿ, ಕುದಿಯುವ ಸಾರಿಗೆ 400 ಗ್ರಾಂ ಹುರಿದ ಗೋಧಿ ಶಾವಿಗೆ ಇಲ್ಲವೇ ಸಾದಾ ನೂಡಲ್ಸ್ ಮುರಿದು ಹಾಕಿ. ಇಲ್ಲಿಂದ ಮುಂದೆ ಮುಚ್ಚಳ ಬಿಗಿಯಬೇಡಿ: ಹಿಟ್ಟಿನ ನೊರೆ ಉಕ್ಕಿ ಕೂಗುವ ತೂತು ಕಟ್ಟಿಕೊಳ್ಳುತ್ತದೆ. ಐದಾರು ನಿಮಿಷದಲ್ಲಿ ಶಾವಿಗೆ ಸಾರು ಹೀರಿಕೊಂಡು ಮೆತ್ತಗಾಗುತ್ತದೆ. ಕೊನೆಗೆ ಒಂದು ಹಿಡಿ ನುಗ್ಗೆಸೊಪ್ಪು, ಎರಡು ಚಮಚ ಹುರಿದ ಕಡಲೆಕಾಯಿ ಪುಡಿ. ಈ ಪುಡಿ ಸಾರನ್ನು ಗಟ್ಟಿಮಾಡುತ್ತದೆ, ಅರ್ಧ ಕೆಜಿ ಕೋಳಿ ಐದು ಜನಕ್ಕೆ ಕಡಿಮೆಯಾಯಿತು ಎಂದು ಯಾರಿಗೂ ಅನ್ನಿಸುವುದಿಲ್ಲ. ರಾಗಿ ಶಾವಿಗೆ ಮಾತ್ರ ಇದಕ್ಕೆ ಬೇಡ, ಕುದಿಯುವ ಸಾರಿನಲ್ಲಿ ಕರಗಿ ಅಂಬಲಿಯಾಗುತ್ತದೆ. ನಾಟಿ ಕೋಳಿಯೂ ಬೇಡ. ಅದಕ್ಕೆ ಕೂಗು ಹೆಚ್ಚು, ಹೊತ್ತು ಹೆಚ್ಚು, ಅದು ಭಾನುವಾರಕ್ಕೆ, ಮುದ್ದೆಯ ಜೊತೆಗೆ.

ಖರ್ಚು: ಚರ್ಮ ಸಮೇತದ ಕೋಳಿ ನಾನು ಕೊಡುವ ದರದಲ್ಲಿ 120 ರೂಪಾಯಿ, ಶಾವಿಗೆ 45, ಎಣ್ಣೆ ಈರುಳ್ಳಿ ಮಸಾಲೆ ಎಲ್ಲ ಸೇರಿ 35. ನುಗ್ಗೆಸೊಪ್ಪು ಹಿತ್ತಲಲ್ಲೇ ಇದೆ. ಒಟ್ಟು 200. ಅದೇ ಪಾರ್ಸೆಲ್ ತರಿಸಿದರೆ ಐದು ಜನಕ್ಕೆ 450ಕ್ಕೆ ಕಡಿಮೆ ಬೀಳುವುದಿಲ್ಲ. ಒಂದೇ ಪಾತ್ರೆಯ ಅಡುಗೆಯಿಂದ ಗ್ಯಾಸ್ ಭಾರಿ ಉಳಿಯುತ್ತದೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರ್ಧ ಗಂಟೆ ಒಲೆ ಕಡಿಮೆ ಉರಿದರೆ ಉಳಿಯುವುದು ಐದು ರೂಪಾಯಿಯ ಆಸುಪಾಸು. ದೊಡ್ಡ ಉಳಿತಾಯ ಪಾರ್ಸೆಲ್ಲಿನದು: ಸಲಕ್ಕೆ 250 ರೂಪಾಯಿ, ವಾರಕ್ಕೊಂದು ಸಲವೆಂದರೆ ವರ್ಷಕ್ಕೆ 13,000. ಮೊದಲ ದರದಲ್ಲಿ ಒಂದು ಎಕರೆಯ ವರ್ಷದ ಬಾಡಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು!

ಉಳಿದದ್ದು ಪರ್ಸಿನಲ್ಲಿದ್ದರೆ ಮತ್ತೆಲ್ಲೋ ಕರಗುತ್ತದೆ. ನಾನು ತಿಂಗಳಿಗೆ ಸಾವಿರದಂತೆ ಅಂಚೆ ಕಚೇರಿಯ ಆರ್‌ಡಿಗೆ ಹಾಕುತ್ತೇನೆ. ಶೇ 6.7ರ ಬಡ್ಡಿಯಲ್ಲಿ ಐದು ವರ್ಷಕ್ಕೆ 60,000 ಕಟ್ಟಿದರೆ ಸುಮಾರು 71,000 ಕೈಗೆ ಬರುತ್ತದೆ. ತಿಂಗಳಿಗೆ 100 ರೂಪಾಯಿಯಿಂದಲೂ ಶುರುಮಾಡಬಹುದು. ಬಾಡಿಗೆ ಒಟ್ಟಿಗೆ ಬಂದಾಗ ಬೈಕು, ಚಿನ್ನ ಎಂದು ಒಂದೇ ತಿಂಗಳಲ್ಲಿ ಖಾಲಿಮಾಡುವ ಬದಲು ಅದನ್ನೂ ಹನ್ನೆರಡು ಪಾಲು ಮಾಡಿಟ್ಟರೆ ಮನೆ ನಡೆಸುವವಳಿಗೆ ಎಷ್ಟೋ ಧೈರ್ಯ.

ಬಾಡಿಗೆಯೇ ಬಾರದ ಮನೆಗಳ ಮಾತನ್ನು ಬಿಟ್ಟು ಈ ಲೆಕ್ಕ ಬರೆಯಲು ನನಗೆ ಮನಸ್ಸಿಲ್ಲ. ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ನಮ್ಮ ಹೊಲಕ್ಕೆ ಬರುತ್ತಿದ್ದ ಹೆಣ್ಣುಮಕ್ಕಳಿಗೆ ಜಮೀನಿರಲಿಲ್ಲ. ಹೊಲ ಹೋದಾಗ ಅವರ ಕೂಲಿ ಹೋಯಿತು, ಬದಲಿಗೆ ಬಾಡಿಗೆ ಬರಲಿಲ್ಲ. ಅವರ ಮನೆಯಲ್ಲಿ ಇದೇ ಅಡುಗೆಯನ್ನು ಕೋಳಿಯ ಬದಲು ಮೊಟ್ಟೆಯಲ್ಲಿ ಮಾಡುತ್ತಾರೆ: ಸಾರು ಕುದಿಯುವಾಗ ನಾಲ್ಕು ಮೊಟ್ಟೆ ಒಡೆದು ಬಿಟ್ಟು, ಗಟ್ಟಿಯಾದ ಮೇಲೆ ಶಾವಿಗೆ. ನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕೂಲಿ ಸಿಗದ ವಾರ ಆ ನೂರೂ ಕಷ್ಟ. ಶಾವಿಗೆ, ಎಣ್ಣೆ, ಬೇಳೆಯನ್ನು ಹತ್ತು ಮನೆ ಸೇರಿ ಸಗಟಾಗಿ ತರಿಸೋಣ ಎಂದು ನಮ್ಮ ಸಂಘದಲ್ಲಿ ಕೇಳಿದ್ದೇನೆ. ಬಾಡಿಗೆ ಬರುವ ಮನೆಯವರು ಮೊದಲು ದುಡ್ಡು ಹಾಕುವುದು, ಉಳಿದವರು ಕೂಲಿ ಸಿಕ್ಕ ವಾರಗಳಲ್ಲಿ ತೀರಿಸುವುದು, ಬಡ್ಡಿ ಇಲ್ಲದೆ.