ಗೋದಾಮಿನ ಅಗ್ನಿರಕ್ಷಣೆಗೆ ಸ್ಪ್ರಿಂಕ್ಲರ್: ವಿನ್ಯಾಸದ ಮೊದಲ ಪಾಠ

ಬೆಳೆ ಕಣದಿಂದ ಗೋದಾಮು ಸೇರಿತೆಂದರೆ ರೈತನಿಗೆ ಅರ್ಧ ಚಿಂತೆ ಕಳೆದಂತೆ. ಆದರೆ ಸಹಕಾರ ಸಂಘದ ಗೋದಾಮಿಗೆ ಬೆಂಕಿ ಬಿದ್ದರೆ ಒಬ್ಬರದ್ದಲ್ಲ, ಹಲವು ಮನೆಗಳ ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಬೂದಿಯಾಗುತ್ತದೆ. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಬಂದು ಮುಟ್ಟುವ ಮೊದಲೇ ಬೆಂಕಿ ಕೈಮೀರಿರುವುದುಂಟು. ಆದ್ದರಿಂದ ಬೆಂಕಿ ಚಿಕ್ಕದಾಗಿರುವಾಗಲೇ, ಕಾವಲುಗಾರ ನಿದ್ದೆಯಲ್ಲಿದ್ದರೂ, ತಾನಾಗಿಯೇ ನೀರು ಸುರಿಸುವ ಸ್ಪ್ರಿಂಕ್ಲರ್ ವ್ಯವಸ್ಥೆಯ ಬಗ್ಗೆ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ತಿಳಿದಿರುವುದು ಒಳ್ಳೆಯದು.

ಇದು ಹೊಸ ಸಾಧನವೇನೂ ಅಲ್ಲ. 1874ರಲ್ಲಿಯೇ ಅಮೆರಿಕದ ಹೆನ್ರಿ ಪಾರ್ಮಲಿ ಎಂಬುವರು ತಮ್ಮ ಪಿಯಾನೊ ಕಾರ್ಖಾನೆಯ ರಕ್ಷಣೆಗೆ ಇಂಥ ಸಾಧನವನ್ನು ಅಳವಡಿಸಿದ್ದರು.

ಕೆಲಸ ಮಾಡುವ ಬಗೆ

ಹೊಲದ ತುಂತುರು ನೀರಾವರಿಯಲ್ಲಿ ಪಂಪು ಚಾಲೂ ಮಾಡಿದೊಡನೆ ಎಲ್ಲ ಮೂತಿಗಳೂ ನೀರು ಚಿಮ್ಮುತ್ತವೆ. ಗೋದಾಮಿನ ಸ್ಪ್ರಿಂಕ್ಲರ್ ಹಾಗಲ್ಲ. ಇಲ್ಲಿ ಕೊಳವೆಗಳಲ್ಲಿ ಸದಾ ಒತ್ತಡದ ನೀರು ತುಂಬಿರುತ್ತದೆ. ಪ್ರತಿ ಸ್ಪ್ರಿಂಕ್ಲರಿನ ಬಾಯನ್ನು ದ್ರವ ತುಂಬಿದ ಒಂದು ಚಿಕ್ಕ ಗಾಜಿನ ಬುರುಡೆ ಮುಚ್ಚಿ ಹಿಡಿದಿರುತ್ತದೆ. ಕೆಳಗೆ ಬೆಂಕಿ ಹೊತ್ತಿದಾಗ ಬಿಸಿ ಗಾಳಿ ಮೇಲೇರಿ ಬುರುಡೆಯನ್ನು ಕಾಯಿಸುತ್ತದೆ. ಗೊತ್ತಾದ ಶಾಖಕ್ಕೆ ಬುರುಡೆ ಒಡೆದು ನೀರು ಸುರಿಯುತ್ತದೆ. ಕಾದ ಸ್ಪ್ರಿಂಕ್ಲರ್ ಮಾತ್ರ ತೆರೆಯುತ್ತದೆ. ಉಳಿದವು ಮುಚ್ಚಿಯೇ ಇರುತ್ತವೆ. ಹೀಗಾಗಿ ಒಂದು ಮೂಲೆಯ ಬೆಂಕಿಗೆ ಇಡೀ ಗೋದಾಮು ನೆನೆಯುವುದೆಂಬ ಭಯ ಬೇಡ.

ಬುರುಡೆಯ ಬಣ್ಣ ಅದು ಒಡೆಯುವ ಶಾಖವನ್ನು ಸೂಚಿಸುತ್ತದೆ. ಕೆಂಪು 68 ಡಿಗ್ರಿ ಸೆಲ್ಸಿಯಸ್, ಹಳದಿ 79, ಹಸಿರು 93. ಚಾವಣಿಯ ಕೆಳಗೆ ಬೇಸಿಗೆಯಲ್ಲಿ ಇರುವ ಗರಿಷ್ಠ ಶಾಖಕ್ಕಿಂತ ಸುಮಾರು 30 ಡಿಗ್ರಿ ಹೆಚ್ಚಿನದನ್ನು ಆರಿಸಬೇಕು. ರಾಯಚೂರು, ಕಲಬುರಗಿಯಂಥ ಬಿಸಿಲು ನಾಡಿನ ತಗಡಿನ ಚಾವಣಿಗೆ ಕೆಂಪು ಬುರುಡೆ ಹೊಂದದೆ ಇರಬಹುದು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಉಷ್ಣಮಾಪಕ ಕಟ್ಟಿ ನೋಡಿ ತೀರ್ಮಾನಿಸುವುದು ಲೇಸು.

ಸ್ಪ್ರಿಂಕ್ಲರುಗಳ ಅಂತರ

ಉದಾಹರಣೆಗೆ 30 ಮೀಟರ್ ಉದ್ದ, 12 ಮೀಟರ್ ಅಗಲದ ಗೋದಾಮನ್ನು ತೆಗೆದುಕೊಳ್ಳೋಣ. ಇದರ ವಿಸ್ತೀರ್ಣ 360 ಚದರ ಮೀಟರ್. ಸಾಧಾರಣ ಅಪಾಯದ ಕಟ್ಟಡದಲ್ಲಿ ಒಂದು ಸ್ಪ್ರಿಂಕ್ಲರಿಗೆ ಹೆಚ್ಚೆಂದರೆ 12 ಚದರ ಮೀಟರ್ ನೆಲ ಎಂದು ಲೆಕ್ಕ ಹಿಡಿದರೆ 30 ಸ್ಪ್ರಿಂಕ್ಲರುಗಳು ಬೇಕು. ಅಗಲಕ್ಕೆ ಅಡ್ಡಲಾಗಿ 10 ಕೊಳವೆ ಸಾಲು, ಪ್ರತಿ ಸಾಲಿನಲ್ಲಿ 3 ಸ್ಪ್ರಿಂಕ್ಲರ್ ಇಡಬಹುದು. ಸಾಲಿನಿಂದ ಸಾಲಿಗೆ 3 ಮೀಟರ್, ಸಾಲಿನೊಳಗೆ ಸ್ಪ್ರಿಂಕ್ಲರಿನಿಂದ ಸ್ಪ್ರಿಂಕ್ಲರಿಗೆ 4 ಮೀಟರ್ ಅಂತರ. ಗೋಡೆಯಿಂದ ಇದರ ಅರ್ಧ, ಅಂದರೆ ಅನುಕ್ರಮವಾಗಿ ಒಂದೂವರೆ ಮೀಟರ್ ಮತ್ತು 2 ಮೀಟರ್.

ಹತ್ತಿರ ಹತ್ತಿರ ಇಟ್ಟಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. 2 ಮೀಟರಿಗಿಂತ ಹತ್ತಿರವಿದ್ದರೆ ಒಂದರ ನೀರು ಪಕ್ಕದ್ದರ ಬುರುಡೆಯನ್ನು ತಣಿಸಿ, ಅದು ತೆರೆಯದಂತೆ ಮಾಡುತ್ತದೆ. ಚೀಲದ ಅಟ್ಟಿಯ ತುದಿಗೂ ಸ್ಪ್ರಿಂಕ್ಲರಿಗೂ ನಡುವೆ ಕನಿಷ್ಠ ಅರ್ಧ ಮೀಟರ್ ತೆರವು ಇರಲೇಬೇಕು. ಇಲ್ಲದಿದ್ದರೆ ನೀರಿನ ಕೊಡೆ ಬಿಚ್ಚಿಕೊಳ್ಳುವುದಿಲ್ಲ.

ನೀರಿನ ಲೆಕ್ಕ

ವಿನ್ಯಾಸದ ಜೀವಾಳ ಇಲ್ಲಿದೆ. ಮೇಲಿನ ಗೋದಾಮಿಗೆ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರ್, ಅಂದರೆ ನಿಮಿಷಕ್ಕೆ 5 ಮಿ.ಮೀ. ಮಳೆಯಷ್ಟು ನೀರು ಬೇಕೆಂದು ಇಟ್ಟುಕೊಳ್ಳೋಣ. ಇದು ಗಂಟೆಗೆ 300 ಮಿ.ಮೀ. ಆಯಿತು! ಹೊಲದ ತುಂತುರು ನೀರಾವರಿ ಸಾಮಾನ್ಯವಾಗಿ ಗಂಟೆಗೆ 10 ಮಿ.ಮೀ. ಆಸುಪಾಸಿನಲ್ಲಿ ನೀರು ಕೊಡುತ್ತದೆ. ಬೆಳೆಗೆ ಉಣಿಸುವ ನೀರಿಗೂ ಬೆಂಕಿ ನಂದಿಸುವ ನೀರಿಗೂ ಇರುವ ಅಂತರ ಇದರಿಂದ ಗೊತ್ತಾಗುತ್ತದೆ.

ಒಂದು ಸ್ಪ್ರಿಂಕ್ಲರಿಗೆ 12 ಚ.ಮೀ. × 5 = ನಿಮಿಷಕ್ಕೆ 60 ಲೀಟರ್.
30 ಸ್ಪ್ರಿಂಕ್ಲರಿಗೆ = ನಿಮಿಷಕ್ಕೆ 1,800 ಲೀಟರ್.
ಪಂಪಿಗೆ ಹತ್ತಿರದವು ಹೆಚ್ಚು ನೀರು ಬಿಡುವುದರಿಂದ ಶೇಕಡಾ 20 ಸೇರಿಸಿದರೆ = ನಿಮಿಷಕ್ಕೆ 2,160 ಲೀಟರ್.
ಒಂದು ಗಂಟೆಗೆ = 1,29,600 ಲೀಟರ್.

ಇಷ್ಟು ನೀರಿಗೆ 7 ಮೀಟರ್ ಉದ್ದ, ಆರೂವರೆ ಮೀಟರ್ ಅಗಲ, 3 ಮೀಟರ್ ಆಳದ ತೊಟ್ಟಿ ಬೇಕು. ಹತ್ತಿರದ ಕೃಷಿ ಹೊಂಡವನ್ನು ನೆಚ್ಚಿಕೊಳ್ಳುವುದಾದರೆ ಎರಡು ಮಾತು ನೆನಪಿರಲಿ. ಬೇಸಿಗೆಯಲ್ಲಿ ಹೊಂಡ ಒಣಗಿರುತ್ತದೆ. ಬೆಂಕಿಯ ಭಯ ಹೆಚ್ಚಿರುವುದೂ ಆಗಲೇ. ಹೊಂಡದ ಕಸ, ಹೂಳು ಸ್ಪ್ರಿಂಕ್ಲರಿನ ಬಾಯಿ ಕಟ್ಟುತ್ತದೆ. ಆದ್ದರಿಂದ ಪ್ರತ್ಯೇಕವಾದ, ಮುಚ್ಚಿದ ತೊಟ್ಟಿಯೇ ಉತ್ತಮ.

ಪಂಪು ಮತ್ತು ವಿದ್ಯುತ್ತು

ಚಾವಣಿಗೆ ಏರಲು 7 ಮೀಟರ್, ಕೊನೆಯ ಸ್ಪ್ರಿಂಕ್ಲರಿನಲ್ಲಿ ಬೇಕಾದ ಒತ್ತಡಕ್ಕೆ 6 ಮೀಟರ್, ಕೊಳವೆಯ ಘರ್ಷಣೆಗೆ 10 ಮೀಟರ್, ಕೈಗಾಪಿಗೆ 2 ಮೀಟರ್ ಎಂದರೆ ಒಟ್ಟು 25 ಮೀಟರ್ ಎತ್ತರಕ್ಕೆ ಪಂಪು ಸೆಕೆಂಡಿಗೆ 36 ಲೀಟರ್ ಎತ್ತಬೇಕು. ಇದಕ್ಕೆ ಸುಮಾರು 20 ಅಶ್ವಶಕ್ತಿಯ ಪಂಪು ಬೇಕಾಗುತ್ತದೆ. ನೀರಾವರಿಯ 5 ಅಶ್ವಶಕ್ತಿಯ ಪಂಪು ಇದೇ ಎತ್ತರಕ್ಕೆ ಇದರ ಕಾಲು ಭಾಗ ನೀರನ್ನಷ್ಟೇ ಕೊಡಬಲ್ಲದು.

ಇನ್ನೊಂದು ಮುಖ್ಯ ಸಂಗತಿ. ಕೃಷಿ ಪಂಪ್‌ಸೆಟ್ಟುಗಳಿಗೆ ಮೂರು ಫೇಸ್ ವಿದ್ಯುತ್ತು ಪಾಳಿಯ ಮೇಲೆ ಬರುತ್ತದೆ. ಬೆಂಕಿ ಪಾಳಿ ನೋಡಿ ಬರುವುದಿಲ್ಲ. ವೈರಿನ ದೋಷದಿಂದಲೇ ಬೆಂಕಿ ಹೊತ್ತಿದ್ದರೆ ವಿದ್ಯುತ್ತು ಮೊದಲೇ ಕಡಿದುಹೋಗಿರುತ್ತದೆ. ಆದ್ದರಿಂದ ಕೊಳವೆಯ ಒತ್ತಡ ಇಳಿದೊಡನೆ ತಾನಾಗಿ ಚಾಲೂ ಆಗುವ, ಬ್ಯಾಟರಿ ಇರುವ ಡೀಸೆಲ್ ಪಂಪು ಜೊತೆಗಿರಬೇಕು.

ನೀರಾವರಿಯ ಪಿ.ವಿ.ಸಿ. ಅಥವಾ ಕಪ್ಪು ಪ್ಲಾಸ್ಟಿಕ್ ಕೊಳವೆಗಳು ಬಿಸಿಗೆ ಕರಗುತ್ತವೆ. ಗೋದಾಮಿನೊಳಗೆ ಉಕ್ಕಿನ ಕೊಳವೆಯನ್ನೇ ಹಾಕತಕ್ಕದ್ದು.

ಎಚ್ಚರಿಕೆಗಳು

1. ಧಾನ್ಯಕ್ಕೆ ಹೊಗೆ ಕೊಡಲು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಸ್ಪ್ರಿಂಕ್ಲರ್ ಇರುವ ಗೋದಾಮಿನಲ್ಲಿ ದಾಸ್ತಾನು ಇಡಕೂಡದು. ನೀರು ತಗಲಿದರೆ ಫಾಸ್ಫೀನ್ ಅನಿಲ ಹೊರಡುತ್ತದೆ. ಅದು ಪ್ರಾಣಾಂತಿಕ ವಿಷ, ಹೊತ್ತಿ ಉರಿಯುವಂಥದ್ದೂ ಹೌದು.

2. ಮುಖ್ಯ ಕವಾಟ ಸದಾ ತೆರೆದಿದ್ದು, ತೆರೆದ ಸ್ಥಿತಿಯಲ್ಲೇ ಬೀಗ ಹಾಕಿರಬೇಕು. ಯಾರೋ ರಿಪೇರಿಗೆಂದು ಮುಚ್ಚಿ ಮರೆತ ಕವಾಟವೇ ಇಂಥ ವ್ಯವಸ್ಥೆಗಳು ಸೋಲಲು ಮುಖ್ಯ ಕಾರಣ.

3. ವಾರಕ್ಕೊಮ್ಮೆ ಎರಡೂ ಪಂಪು ಓಡಿಸಿ, ಕೊನೆಯ ಸಾಲಿನ ಪರೀಕ್ಷಾ ಕವಾಟ ತೆರೆದು ಒತ್ತಡ ನೋಡಬೇಕು. ಎಚ್ಚರಿಕೆಯ ಗಂಟೆ ಬಾರಿಸುತ್ತದೆಯೇ ಎಂದೂ ಪರೀಕ್ಷಿಸಬೇಕು.

4. ಸ್ಪ್ರಿಂಕ್ಲರಿಗೆ ಬಣ್ಣ ಬಳಿಯಬಾರದು. ಅದಕ್ಕೆ ಏನನ್ನೂ ನೇತುಹಾಕಬಾರದು.

5. ಬೆಂಕಿ ಆರಿದ ಮೇಲೆ ನೆನೆದ ಚೀಲಗಳನ್ನು ಅಂದೇ ಬೇರ್ಪಡಿಸಿ ಒಣಗಿಸಬೇಕು. ತಡಮಾಡಿದರೆ ಮೆಕ್ಕೆಜೋಳ, ಶೇಂಗಾಗಳಲ್ಲಿ ಬೂಷ್ಟು ಬೆಳೆದು ವಿಷವಾಗುವ ಸಂಭವವಿದೆ.

ಸಂಘಗಳು ಮಾಡಬೇಕಾದುದು

ಮೇಲಿನ ಲೆಕ್ಕ ಕಡಿಮೆ ಎತ್ತರಕ್ಕೆ ಪೇರಿಸಿದ ಸರಕಿಗೆ ಹಾಕಿದ ಒಂದು ಮಾದರಿ ಮಾತ್ರ. ಎತ್ತರದ ಅಟ್ಟಿಗಳಿಗೆ, ಹತ್ತಿಯ ಬೇಲುಗಳಿಗೆ ಇಷ್ಟು ನೀರು ಸಾಲದು. ಅಂತಿಮ ನಕ್ಷೆಯನ್ನು ಭಾರತೀಯ ಮಾನಕ ಐ.ಎಸ್. 15105ರಂತೆ ಅನುಭವಿ ಎಂಜಿನಿಯರರಿಂದ ಮಾಡಿಸಿ, ಅಗ್ನಿಶಾಮಕ ಇಲಾಖೆಗೆ ತೋರಿಸಬೇಕು. ಆದರೆ ಈ ಲೆಕ್ಕ ಬಲ್ಲ ಆಡಳಿತ ಮಂಡಳಿಯವರು ಗುತ್ತಿಗೆದಾರರನ್ನು ಮೂರು ಪ್ರಶ್ನೆ ಕೇಳಬಲ್ಲರು: ನಿಮಿಷಕ್ಕೆ ಎಷ್ಟು ನೀರು? ಎಷ್ಟು ಹೊತ್ತು? ವಿದ್ಯುತ್ತು ಹೋದರೆ ಹೇಗೆ? ಇವಕ್ಕೆ ಉತ್ತರವಿಲ್ಲದಿದ್ದರೆ ಚಾವಣಿಯಲ್ಲಿ ಎಷ್ಟು ಸ್ಪ್ರಿಂಕ್ಲರ್ ತೂಗಿದರೂ ಅದು ಅಲಂಕಾರವೇ ಸರಿ.

ಸಣ್ಣ ಸಂಘಕ್ಕೆ ಇಷ್ಟು ವೆಚ್ಚ ಈಗಲೇ ಸಾಧ್ಯವಾಗದಿದ್ದರೆ ಅರೆಬರೆ ಸ್ಪ್ರಿಂಕ್ಲರ್ ಹಾಕಿಸಿ ಧೈರ್ಯದಿಂದಿರುವುದು ಬೇಡ. ಮೊದಲು ಹಳೆಯ ವೈರಿಂಗ್ ಬದಲಿಸಲಿ, ಅಟ್ಟಿಗಳ ನಡುವೆ ಓಣಿ ಬಿಡಲಿ, ನೀರಿನ ತೊಟ್ಟಿ ಕಟ್ಟಿಸಲಿ. ತೊಟ್ಟಿಯೊಂದು ಸಿದ್ಧವಿದ್ದರೆ ಅಗ್ನಿಶಾಮಕ ದಳದವರಿಗೂ ನೆರವಾಗುತ್ತದೆ. ಮುಂದೆ ಸ್ಪ್ರಿಂಕ್ಲರ್ ಹಾಕಿಸುವಾಗ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.