ಹಳೆಯ ಕಾರಿನ ಎ.ಸಿ. ಯಂತ್ರವನ್ನು ಬಿಚ್ಚುವ ಕ್ರಮ



ನಮ್ಮ ಹಳ್ಳಿಗಳಲ್ಲಿ ಹಿರಿಯರು ಕೊಂಡ ಅಂಬಾಸಡರ್ ಕಾರನ್ನು ಅಭಿಮಾನದಿಂದ ಉಳಿಸಿಕೊಂಡವರು ಇನ್ನೂ ಇದ್ದಾರೆ. ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಇಂಥ ಹಳೆಯ ಕಾರುಗಳಲ್ಲಿ ಕೆಲವಕ್ಕೆ ಎ.ಸಿ. ಕೂಡಿಸಿರುವುದುಂಟು. ಕೆಟ್ಟುಹೋದ ಎ.ಸಿ. ಜಾಗ ಹಿಡಿದು ಕುಳಿತಿರುವುದರಿಂದ ಅದನ್ನು ತಾವೇ ಬಿಚ್ಚಿ ಗುಜರಿಗೆ ಹಾಕೋಣವೆಂದು ಹಲವರು ಯೋಚಿಸುತ್ತಾರೆ. ಪಂಪ್‌ಸೆಟ್ ಬಿಚ್ಚಿ ಜೋಡಿಸುವ ರೈತರಿಗೆ ನಟ್ಟು ಬೋಲ್ಟುಗಳ ಕೆಲಸ ಕಷ್ಟವಲ್ಲ. ಆದರೆ ಒಳಗಿನ ಗ್ಯಾಸನ್ನು ತೆಗೆಸುವ ಮೊದಲು ಒಂದು ಕೊಳವೆಯನ್ನೂ ಸಡಿಲಿಸಕೂಡದು. ಈ ಪಾಠದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದೇ.

ಗ್ಯಾಸಿನಿಂದ ಆಗುವ ಅಪಾಯ

ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಆರ್-12 ಎಂಬ ಗ್ಯಾಸೂ ನಂತರದ ಕಾರುಗಳಲ್ಲಿ ಆರ್-134ಎ ಎಂಬ ಗ್ಯಾಸೂ ಇರುತ್ತದೆ. 30 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಮ್ಮನೆ ನಿಂತ ಕಾರಿನ ಕೊಳವೆಯಲ್ಲೂ ಚದರ ಅಂಗುಲಕ್ಕೆ ಸುಮಾರು 90 ಪೌಂಡು ಒತ್ತಡವಿರುತ್ತದೆ. ಕಾರಿನ ಟೈರಿಗೆ ನಾವು ತುಂಬುವುದು ಸುಮಾರು 30 ಪೌಂಡು ಮಾತ್ರ. ಆರ್-12 ಹೊರಗೆ ಬಂದಾಗ ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗೆ ಕುದಿಯುವುದರಿಂದ ಅದು ಸಿಡಿದ ಕಡೆ ಚರ್ಮ ಮರಗಟ್ಟುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ತಂಪು ಬರುತ್ತಿಲ್ಲವೆಂದ ಮಾತ್ರಕ್ಕೆ ಗ್ಯಾಸು ಖಾಲಿಯಾಗಿದೆಯೆಂದು ತಿಳಿಯಬೇಡಿ. ಬೆಲ್ಟು ಹರಿದಿದ್ದರೂ ತಂತಿ ಕಡಿದಿದ್ದರೂ ತಂಪು ಬರುವುದಿಲ್ಲ. ಗ್ಯಾಸು ಒಳಗೇ ಇರುತ್ತದೆ.

ಈ ಗ್ಯಾಸು ಗಾಳಿಗಿಂತ ಭಾರ. ಗುಂಡಿಯಲ್ಲಿ ಅಥವಾ ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಬೆಂಕಿ ತಗುಲಿದರೆ ವಿಷಗಾಳಿಯಾಗುತ್ತದೆ. ಆದ್ದರಿಂದ ಹತ್ತಿರ ಬೀಡಿ ಸೇದಕೂಡದು. ಗ್ಯಾಸ್ ಕಟರಿನಿಂದ ಕೊಳವೆ ಕತ್ತರಿಸಕೂಡದು.

ಆರ್-12 ಆಕಾಶದ ಓಜೋನ್ ಪದರವನ್ನೂ ಹಾಳುಮಾಡುತ್ತದೆ. ಸೂರ್ಯನ ಹಾನಿಕರ ಕಿರಣಗಳನ್ನು ತಡೆದು ಜನರನ್ನೂ ದನಕರುಗಳನ್ನೂ ಬೆಳೆಗಳನ್ನೂ ಕಾಯುವುದು ಈ ಪದರ. ಇದರ ರಕ್ಷಣೆಗಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತವು 1992ರಲ್ಲಿ ಅದಕ್ಕೆ ಸೇರಿತು.

ಬಿಚ್ಚುವ ಕ್ರಮ

1. ಕಾರನ್ನು ಮೊದಲು ಪೇಟೆಯ ಎ.ಸಿ. ಮೆಕ್ಯಾನಿಕ್ ಬಳಿಗೆ ಒಯ್ಯಿರಿ. ಗ್ಯಾಸನ್ನು ಯಂತ್ರದ ಮೂಲಕ ಸಿಲಿಂಡರಿಗೆ ಹಿಡಿಯುವ ಸೌಕರ್ಯ ಅವರಲ್ಲಿದೆಯೇ ಎಂದು ಕೇಳಿರಿ. ಗಾಳಿಗೆ ಬಿಡುತ್ತೇವೆಂದರೆ ಒಪ್ಪಬೇಡಿ.

2. ಗ್ಯಾಸು ತೆಗೆಸಿದ ಮೇಲೆ ಬಯಲಿನಲ್ಲಿ ಕೆಲಸಕ್ಕೆ ತೊಡಗಿರಿ. ಕನ್ನಡಕ, ಕೈಗವಸು ಧರಿಸಿರಿ. ಬ್ಯಾಟರಿಯಿಂದ ಕಾರಿನ ಬಾಡಿಗೆ ಹೋಗುವ ತಂತಿಯನ್ನು ಮೊದಲು ಕಳಚಿರಿ.

3. ಕಂಪ್ರೆಸರಿನ ಬೆಲ್ಟು ಬೇರೇನನ್ನು ತಿರುಗಿಸುತ್ತದೆಂದು ನೋಡಿರಿ. ವಾಟರ್ ಪಂಪು ಅದರಿಂದಲೇ ತಿರುಗುತ್ತಿದ್ದರೆ ಬದಲಿಗೆ ಸರಿಯಾದ ಅಳತೆಯ ಬೆಲ್ಟು ತಂದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಎಂಜಿನ್ ಕಾದು ಕೆಡುತ್ತದೆ.

4. ಕೊಳವೆಯ ಜೋಡಣೆಗೆ ಎರಡು ಸ್ಪ್ಯಾನರ್ ಹಾಕಿರಿ. ಒಂದರಿಂದ ಹಿಡಿದು ಇನ್ನೊಂದರಿಂದ ತಿರುಗಿಸಿದರೆ ಕೊಳವೆ ತಿರುಚುವುದಿಲ್ಲ. ಬಾಯಿಗಳಿಗೆ ಪ್ಲಾಸ್ಟಿಕ್ ಸುತ್ತಿರಿ. ಸುರಿಯುವ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿಯಿರಿ. ಬಾವಿಯ ಬಳಿ, ಕಾಲುವೆಯ ಬಳಿ ಚೆಲ್ಲಬೇಡಿ.

5. ಕಂಪ್ರೆಸರ್ ಭಾರವಾದದ್ದು. ಕೊನೆಯ ಬೋಲ್ಟು ತೆಗೆಯುವಾಗ ಇನ್ನೊಬ್ಬರು ಹಿಡಿದಿರಲಿ.

6. ರೇಡಿಯೇಟರಿನ ಮುಂದಿರುವ ಕಂಡೆನ್ಸರನ್ನು ನಿಧಾನವಾಗಿ ಎತ್ತಿರಿ. ರೇಡಿಯೇಟರಿನ ತೆಳು ರೆಕ್ಕೆಗಳಿಗೆ ಪೆಟ್ಟಾಗಬಾರದು. ನಡುವೆ ಕುಳಿತ ಹೊಟ್ಟು ಧೂಳನ್ನು ತೆಗೆಯಿರಿ.

7. ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆಯನ್ನು ತೆಗೆದ ಮೇಲೆ ಎಂಜಿನ್ ಕಡೆಗೆ ಕೊಳವೆ ಹೋಗಿದ್ದ ರಂಧ್ರಗಳು ಉಳಿಯುತ್ತವೆ. ಅವುಗಳನ್ನು ರಬ್ಬರ್ ಬಿರಡೆಯಿಂದ ಭದ್ರವಾಗಿ ಮುಚ್ಚಿರಿ. ಇಲ್ಲದಿದ್ದರೆ ಎಂಜಿನ್ನಿನ ಹೊಗೆ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಕುಳಿತವರ ಜೀವಕ್ಕೇ ಅಪಾಯ.

8. ಎ.ಸಿ.ಯ ತಂತಿಗಳನ್ನು ಬರಿದಾಗಿ ತೂಗಲು ಬಿಡಬೇಡಿ. ಫ್ಯೂಸಿನ ಬಳಿಯೇ ಕಳಚಿ ತುದಿಗಳಿಗೆ ಟೇಪು ಸುತ್ತಿರಿ.

ಆಕಸ್ಮಿಕವಾಗಿ ಗ್ಯಾಸು ಸಿಡಿದರೆ

ಚರ್ಮಕ್ಕೆ ತಾಗಿದರೆ ಉಜ್ಜಬೇಡಿ. ಉಗುರುಬೆಚ್ಚಗಿನ ನೀರು ಹಾಕಿರಿ. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿರಿ. ಉಸಿರು ಕಟ್ಟಿದವರನ್ನು ಬಯಲಿಗೆ ತರಬೇಕು.

ಬಿಚ್ಚಿದ ಭಾಗಗಳನ್ನು ಒಡನೆಯೇ ತೂಕಕ್ಕೆ ಹಾಕಬೇಡಿ. ಕಂಪ್ರೆಸರ್, ಬ್ರಾಕೆಟ್ಟು, ಬೋಲ್ಟುಗಳಿಗೆ ಚೀಟಿ ಕಟ್ಟಿ ಒಣಜಾಗದಲ್ಲಿಟ್ಟರೆ ಹಳೆಯ ಕಾರು ಇಟ್ಟುಕೊಂಡವರು ಕೊಳ್ಳಬಹುದು. ಕಾರನ್ನೇ ಗುಜರಿಗೆ ಕೊಡುವುದಾದರೂ ಗ್ಯಾಸು ತೆಗೆಸಿಯೇ ಕೊಡಿರಿ. ಅಲ್ಲಿ ಕಟರ್ ಹಿಡಿಯುವ ಹುಡುಗನಿಗೆ ಒಳಗೆ ಏನಿದೆಯೆಂದು ತಿಳಿದಿರುವುದಿಲ್ಲ. ಮನೆಯ ಹಳೆಯ ಫ್ರಿಜ್ಜಿಗೂ ಟ್ರ್ಯಾಕ್ಟರಿನ ಎ.ಸಿ. ಕ್ಯಾಬಿನ್ನಿಗೂ ಇದೇ ನಿಯಮವನ್ನು ಪಾಲಿಸತಕ್ಕದ್ದು.