ಯಾವುದು ಯಾವುದರಲ್ಲಿ ಕರಗುತ್ತದೆ?

ಬಾಗಿಲು ಕಿಟಕಿಗಳಿಗೆ ಎಣ್ಣೆಬಣ್ಣ ಬಳಿಯುವ ಕೆಲಸಗಾರನ ಕೈಗಳನ್ನು ನೀವು ನೋಡಿರಬಹುದು. ಎಷ್ಟು ನೀರು ಸುರಿದರೂ ಆ ಕಲೆ ಬಿಡದು. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೊಡನೆ ಬಿಟ್ಟುಹೋಗುತ್ತದೆ. ಆದರೆ ನೀರಿನಲ್ಲಿ ಸುಲಭವಾಗಿ ಕರಗುವ ಉಪ್ಪು ಟರ್ಪೆಂಟೈನಿನಲ್ಲಿ ಕರಗದೆ ತಳದಲ್ಲಿಯೇ ಉಳಿಯುತ್ತದೆ. ಈ ಭೇದಕ್ಕೆ ಕಾರಣವೇನು? ಅದನ್ನು ಅಣುಗಳ ರಚನೆಯಲ್ಲಿ ಹುಡುಕಬೇಕು.

ನೀರಿನ ಅಣುವಿನಲ್ಲಿ ಆಮ್ಲಜನಕವು ಬಂಧದ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಅಣುವು ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿರುವುದರಿಂದ, ಆಮ್ಲಜನಕದ ಕಡೆ ಅಲ್ಪ ಋಣಾವೇಶವೂ ಜಲಜನಕಗಳ ಕಡೆ ಅಲ್ಪ ಧನಾವೇಶವೂ ನಿಲ್ಲುತ್ತವೆ. ಇಂತಹುದು ಧ್ರುವೀಯ ಅಣು. ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಕ್ಲೋರಿನ್ ಸಹ ಎಲೆಕ್ಟ್ರಾನುಗಳನ್ನು ಸೆಳೆಯುತ್ತದೆ. ಆದರೆ ನಾಲ್ಕು ಕ್ಲೋರಿನ್ ಪರಮಾಣುಗಳು ಇಂಗಾಲದ ಸುತ್ತಲೂ ಸಮವಾಗಿ ಹರಡಿರುವುದರಿಂದ ಒಂದರ ಸೆಳೆತವನ್ನು ಉಳಿದವು ಸರಿದೂಗಿಸುತ್ತವೆ. ಆದುದರಿಂದ ಇಡೀ ಅಣು ಅಧ್ರುವೀಯ. ಬೆಂಜೀನ್, ಹೆಕ್ಸೇನ್‌ಗಳೂ ಅಧ್ರುವೀಯವೇ. ಟರ್ಪೆಂಟೈನಿನ ಅಣುಗಳೂ ಬಹುಮಟ್ಟಿಗೆ ಹಾಗೆಯೇ.

ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಉಪ್ಪಿನ ಅಯಾನುಗಳನ್ನು ಅವು ಸುತ್ತುವರಿದು ಸೆಳೆದುಕೊಳ್ಳುತ್ತವೆ. ಎಣ್ಣೆಯ ಅಣುಗಳಿಗಾಗಿ ಮಾತ್ರ ತಮ್ಮ ಹಿಡಿತವನ್ನು ಸಡಿಲಿಸುವುದಿಲ್ಲ. ಹೀಗೆ, ಸಮಾನ ಗುಣದ ವಸ್ತುಗಳು ಸಮಾನ ಗುಣದ ದ್ರಾವಕದಲ್ಲಿ ಕರಗುತ್ತವೆ ಎಂಬುದು ಸಾಮಾನ್ಯ ನಿಯಮ.

ಆಲ್ಕೊಹಾಲುಗಳಲ್ಲಿ ಈ ನಿಯಮ ಸ್ಪಷ್ಟವಾಗಿ ಕಾಣುತ್ತದೆ. ಅವುಗಳ ಒಂದು ತುದಿ ನೀರಿನಂತೆ ಧ್ರುವೀಯ. ಉಳಿದ ಇಂಗಾಲದ ಸರಪಳಿ ಎಣ್ಣೆಯಂತೆ ಅಧ್ರುವೀಯ. ಎರಡು ಇಂಗಾಲಗಳ ಎಥನಾಲ್ ನೀರಿನೊಡನೆ ಯಾವ ಪ್ರಮಾಣದಲ್ಲಿಯಾದರೂ ಬೆರೆಯುತ್ತದೆ. ನಾಲ್ಕು ಇಂಗಾಲಗಳ ನೇರ ಸರಪಳಿಯ ಬ್ಯುಟನಾಲ್ 100 ಗ್ರಾಂ ನೀರಿನಲ್ಲಿ 7ರಿಂದ 8 ಗ್ರಾಂನಷ್ಟು ಮಾತ್ರ ಕರಗುತ್ತದೆ. ಆರು ಇಂಗಾಲಗಳ ಹೆಕ್ಸನಾಲ್ 1 ಗ್ರಾಂ ಕೂಡ ಕರಗದು. ಸರಪಳಿ ಬೆಳೆದಂತೆ ಧ್ರುವೀಯ ತುದಿಯ ಪ್ರಭಾವ ಕುಗ್ಗುತ್ತದೆ.

ಈ ನಿಯಮಕ್ಕೆ ಬಟ್ಟೆಯ ಜಿಡ್ಡು, ದೇಹದ ಜಿಡ್ಡು ಎಂಬ ಭೇದವಿಲ್ಲ. ಬಣ್ಣವನ್ನು ಕರಗಿಸುವ ಟರ್ಪೆಂಟೈನ್ ಚರ್ಮದ ಸ್ವಾಭಾವಿಕ ಜಿಡ್ಡನ್ನೂ ಕರಗಿಸುತ್ತದೆ. ಚರ್ಮ ಒಣಗಿ ಬಿರಿಯುತ್ತದೆ. ಒಮ್ಮೆ ಬಟ್ಟೆಗಳ ಕಲೆ ತೆಗೆಯಲು ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಉಸಿರಿನ ಮೂಲಕ ದೇಹವನ್ನು ಸೇರಿ ಯಕೃತ್ತನ್ನು ಕೆಡಿಸುತ್ತದೆಂದು ತಿಳಿದ ಮೇಲೆ ಆ ಬಳಕೆಯನ್ನು ಕೈಬಿಡಲಾಯಿತು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಹಾಗಾದರೆ ಆ ಕೆಲಸಗಾರನಿಗೆ ಬೇರೆ ದಾರಿಯಿಲ್ಲವೇ? ಇದೆ. ಬಣ್ಣ ಹಸಿಯಾಗಿರುವಾಗಲೇ ಕೈಗೆ ಅಡಿಗೆಯ ಎಣ್ಣೆ ಹಚ್ಚಿ ತಿಕ್ಕಿ, ಅನಂತರ ಸಾಬೂನಿನಿಂದ ತೊಳೆಯಬಹುದು. ಎಣ್ಣೆಯು ಬಣ್ಣವನ್ನು ಸಡಿಲಿಸುತ್ತದೆ. ಸಾಬೂನಿನ ಅಣುವು ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದು ತುದಿಯಿಂದ ನೀರನ್ನೂ ಹಿಡಿದು ಎರಡನ್ನೂ ಕೂಡಿಸುತ್ತದೆ. ನಿಯಮ ಅದೇ, ಅದನ್ನರಿತು ಬಳಸಿದರೆ ಕಲೆಯೂ ಹೋಗುತ್ತದೆ, ಕೈಯೂ ಉಳಿಯುತ್ತದೆ.

ಅಭ್ಯಾಸ

1. ಕಾರ್ಬನ್ ಟೆಟ್ರಾಕ್ಲೋರೈಡಿನ ಅಣುವು ಅಧ್ರುವೀಯವಾಗಲು ಕಾರಣವೇನು?
2. ಎಥನಾಲಿಗಿಂತ ಹೆಕ್ಸನಾಲ್ ನೀರಿನಲ್ಲಿ ಕಡಿಮೆ ಕರಗುವುದೇಕೆ?
3. ಟರ್ಪೆಂಟೈನಿನಿಂದ ಪದೇ ಪದೇ ಕೈ ಒರೆಸಿಕೊಳ್ಳಬಾರದೇಕೆ? ವಿವರಿಸಿ.